ಉಲ್ಟಾ ಅಕ್ಷರದ ಚಿತ್ರ

ಧಾರವಾಡದ ಒಂದು ಚಿತ್ರಶಾಲೆಯಲ್ಲಿ ದ್ರಾಕ್ಷಾಯಣಿ ಗುಮಾಸ್ತೆ. ಅಲ್ಲಿ ಹಳೆಯ ಅಚ್ಚುಮೊಳೆಗಳಿಂದ ಒತ್ತಿದ ಚಿತ್ರವೊಂದು ಮಾರಾಟಕ್ಕಿತ್ತು. ಒಂದು ಕೆಂಪು ವೃತ್ತ, ಎರಡು ಗೆರೆ, ನಡುವೆ ಬೇಕೆಂದೇ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಮೂಡಿಸಿದ ಅಕ್ಷರಗಳು. ಒತ್ತಿದ್ದು ಇಪ್ಪತ್ತೇ ಪ್ರತಿ, ಉಳಿದದ್ದು ಒಂದೇ. ಅದನ್ನು ಅವಳು ಮೆಹಬೂಬಜ್ಜನಿಗೆಂದು ಎತ್ತಿಟ್ಟಿದ್ದಳು. ನಲವತ್ತು ವರ್ಷ ಅಜ್ಜ ಕೈಯಾರೆ ಜೋಡಿಸಿದ ಮೊಳೆಗಳೇ, ಅವನ ಪ್ರೆಸ್ಸು ಮುಚ್ಚಿದ ಮೇಲೆ, ಈ ಚಿತ್ರಕ್ಕೆ ಬಂದಿದ್ದವು.

ಅಜ್ಜ ಚಿತ್ರ ಒಯ್ಯಲು ಬಂದ ಮಧ್ಯಾಹ್ನವೇ ಕಲಾ ಸಂಘದ ಅಧ್ಯಕ್ಷ ಇನಾಮದಾರರೂ ಆ ಸುದ್ದಿ ಕೇಳಿ ಬುಸುಗುಡುತ್ತ ಬಂದರು.

“ಆ ಕಡೀ ಪ್ರತಿ ನನಗ ಕಟ್ಟಿಕೊಡು. ಅಮೂರ್ತ ಕಲೆ ಈ ಮುದುಕಗ ಏನ್ ತಿಳೀತೈತಿ?”

ದ್ರಾಕ್ಷಾಯಣಿ ಕೈಮುಗಿದಳು. “ಖರೇ ಐತ್ರಿ ಸಾಹೇಬ್ರ. ತಿಳಿದವರಿಗೇ ಕೊಡೂಣು. ಇದರಾಗ ಏನೈತಿ, ಒಂಚೂರು ಹೇಳ್ರಿ.”

“ಶೂನ್ಯ! ವಿಶ್ವದ ಮೌನ! ಇಲ್ಲಿ ಮಾತಿಗೆ ಜಾಗಾನ ಇಲ್ಲ.”

“ಅಜ್ಜಾರ, ನೀವು ಹೇಳ್ರಿ.”

ಉಲ್ಟಾ ಮೊಳೆಗಳನ್ನು ಓದಿಯೇ ಪಳಗಿದ್ದ ಮೆಹಬೂಬಜ್ಜ ಬಲದಿಂದ ಎಡಕ್ಕೆ ಕಣ್ಣಾಡಿಸಿ ಸರಾಗವಾಗಿ ಓದಿದ. “ಊಟ ಆತೇನ್ರಿ?”

“ಎಲ್ಲಿ ಆಗೇತೋ ಮಾರಾಯ, ಮುಂಜಾನಿಂದ ಹೊಟ್ಟಿಗೇನೂ ಇಲ್ಲ!” ಎಂದುಬಿಟ್ಟರು ಇನಾಮದಾರರು. ಅಂದ ಮೇಲೆ ಚಿತ್ರದ ಕಡೆ ನೋಡಿದರು. ಕಿವಿ ಕೆಂಪಾದವು. ಸ್ವಲ್ಪ ಹೊತ್ತಿಗೆ ತಾವೇ ನಕ್ಕರು. “ಈಗ ಮನ್ಯಾಗೂ ನನ್ನ ಹಿಂಗ ಕೇಳೋರಿಲ್ಲ, ಅಜ್ಜಾ.”

ದ್ರಾಕ್ಷಾಯಣಿ ಚಿತ್ರವನ್ನು ಸುತ್ತಿ ಅಜ್ಜನ ಕೈಗಿಟ್ಟಳು. ಆಮೇಲೆ ಮೇಜಿನ ಮೇಲೆ ತನ್ನ ಬುತ್ತಿ ಬಿಚ್ಚಿದಳು. ಇನಾಮದಾರರು ಅಜ್ಜನ ಪಕ್ಕ ಕೂತು, ಉಲ್ಟಾ ಅಕ್ಷರ ಓದುವುದನ್ನು ಕಲಿಯುತ್ತ ಕಲಿಯುತ್ತ ಎರಡು ರೊಟ್ಟಿ ತಿಂದರು.