ಹಬ್ಬಕ್ಕೆ ಬೀಗ ಹಾಕಿದ ಮನೆ

“ಉಪದೇಶಿಗಳೇ, ಕ್ರಿಸ್ಮಸ್ ಹತ್ತಿರ ಬಂದರೆ ಸಂತೋಷವಾಗಬೇಕು. ನನಗೇಕೆ ಎದೆ ಹೊಡೆದುಕೊಳ್ಳುತ್ತದೆ?”

ಕೇಳಿದವಳು ಲೂರ್ದಮ್ಮ. ಮಕ್ಕಳಿಗೆ ಧರ್ಮಪಾಠ ಹೇಳಿಕೊಡುವುದನ್ನು ಕಲಿಯಲು ಅವಳು ಭಾನುವಾರದ ಪೂಜೆ ಮುಗಿದ ಮೇಲೆ ಇನ್ನಾಸಪ್ಪ ಉಪದೇಶಿಗಳ ಬಳಿ ಕುಳಿತುಕೊಳ್ಳುತ್ತಿದ್ದಳು. ಅಂದು ಅವಳ ಮನಸ್ಸು ಪಾಠದಲ್ಲಿರಲಿಲ್ಲ. ಹಬ್ಬಕ್ಕೆ ಯಾರಿಗೆ ಬಟ್ಟೆ, ಎಷ್ಟು ಬಗೆ ತಿಂಡಿ, ಯಾರನ್ನು ಊಟಕ್ಕೆ ಕರೆಯಬೇಕು ಎಂಬ ಮಾತು ಬೆಳಿಗ್ಗೆ ಜಗಳಕ್ಕೆ ತಿರುಗಿ, ಗಂಡಹೆಂಡಿರು ದಾರಿಯುದ್ದಕ್ಕೂ ತುಟಿ ಬಿಚ್ಚದೆ ಚರ್ಚಿಗೆ ಬಂದಿದ್ದರು.

“ಹಬ್ಬವನ್ನೇ ಬಿಟ್ಟುಬಿಟ್ಟರೆ ಪಾಪವೇ?” ಎಂದು ಅವಳು ಮತ್ತೆ ಕೇಳಿದಳು.

ಉಪದೇಶಿಗಳು ಪುಸ್ತಕ ಮುಚ್ಚಿದರು. “ಹಾಗೆ ಬಿಟ್ಟವನೊಬ್ಬನ ಕತೆ ಹೇಳುತ್ತೇನೆ, ಕೇಳು,” ಎಂದರು.

ಒಂದು ಊರಿನಲ್ಲಿ ಒಬ್ಬ ಗಾರೆಯವನಿದ್ದ. ಅವನ ಮನೆಯ ಎದುರಿಗೆ ಒಬ್ಬ ದರ್ಜಿಯ ಮನೆ. ನಡುವೆ ಒಂದು ಗಾಡಿ ಹೋಗುವಷ್ಟು ಬೀದಿ. ಎರಡು ಮನೆಯವರೂ ಒಂದೇ ಚರ್ಚಿನವರು. ಅವರ ನಡುವೆ ಜಗಳವಿರಲಿಲ್ಲ, ಹೊಟ್ಟೆಕಿಚ್ಚೂ ಇರಲಿಲ್ಲ. ಇದ್ದದ್ದು ಒಂದು ತಟ್ಟೆ.

ಗಾರೆಯವನು ಮದುವೆಯಾದ ವರ್ಷ ಅವನ ಹೆಂಡತಿ ಕ್ರಿಸ್ಮಸ್‌ಗೆ ಕಜ್ಜಾಯ ಮಾಡಿ, ಒಂದು ತಟ್ಟೆಯಲ್ಲಿಟ್ಟು, ಎದುರು ಮನೆಗೆ ಕೊಟ್ಟುಬಂದಳು. ಬಂದ ತಟ್ಟೆಯನ್ನು ಬರಿದಾಗಿ ಹಿಂದಕ್ಕೆ ಕಳಿಸುವ ಪದ್ಧತಿ ನಮ್ಮವರಲ್ಲಿ ಇಲ್ಲವಲ್ಲ. ದರ್ಜಿಯ ಹೆಂಡತಿ ಅದರಲ್ಲಿ ಚಕ್ಕುಲಿಯನ್ನೂ ರವೆ ಉಂಡೆಯನ್ನೂ ಇಟ್ಟು ಕಳಿಸಿದಳು. ಎರಡು ಬಗೆ ಬಂತಲ್ಲ ಎಂದು ಮರುವರ್ಷ ಇವಳು ಮೂರು ಬಗೆ ಮಾಡಿದಳು. ಅದಕ್ಕೆ ಅವಳು ಕೇಕು ಸೇರಿಸಿದಳು. ಮಕ್ಕಳಾದ ಮೇಲೆ ತಿಂಡಿಯ ಜೊತೆಗೆ ಬಟ್ಟೆಯೂ ಬಂತು. ದರ್ಜಿ ಗಾರೆಯವನ ಮಗಳಿಗೆ ಲಂಗ ಹೊಲಿದು ಕೊಟ್ಟರೆ, ಗಾರೆಯವನು ದರ್ಜಿಯ ಮನೆಯ ಮುಂದೆ ಬಾಲಯೇಸುವಿನ ಗೋದಲಿಯ ಬೊಂಬೆಗಳನ್ನಿಡಲೆಂದು ಸಿಮೆಂಟಿನ ಗುಹೆ ಕಟ್ಟಿಕೊಟ್ಟ. ದರ್ಜಿ ಬಾಗಿಲ ಮೇಲೆ ನಕ್ಷತ್ರ ತೂಗುಹಾಕಿದರೆ, ಗಾರೆಯವನ ಮಕ್ಕಳು ಅದಕ್ಕಿಂತ ದೊಡ್ಡ ನಕ್ಷತ್ರ ಬೇಕೆಂದರು. ಯಾರೂ ಯಾರನ್ನೂ ಸೋಲಿಸಲು ಹೊರಟಿರಲಿಲ್ಲ. ಕೊಟ್ಟವರ ಮುಂದೆ ಕಡಿಮೆಯಾಗಬಾರದು, ಅಷ್ಟೆ.

ಹೀಗೇ ವರ್ಷಗಳು ಕಳೆದವು. ಬರಬರುತ್ತ, ಎದುರು ಮನೆಯ ನಕ್ಷತ್ರ ಮೇಲೇರಿದ ದಿನವೇ ಗಾರೆಯವನು ಬೆರಳು ಮಡಚಿ ಖರ್ಚಿನ ಲೆಕ್ಕ ಹಾಕತೊಡಗಿದ. ಅವನು ಭಾನುವಾರವೂ ಕರಣೆ ಹಿಡಿದು ಕೆಲಸಕ್ಕೆ ಹೋಗುತ್ತಿದ್ದ. ಹೆಂಡತಿ ಬಾಣಲೆಯ ಮುಂದೆ ಕುಳಿತು ಕುಳಿತು ಸೊಂಟ ಹಿಡಿದುಕೊಂಡು ಏಳುತ್ತಿದ್ದಳು. ಮಕ್ಕಳು ತಿಂಡಿಗೆ ಕೈ ಹಾಕಿದರೆ ಬೆನ್ನಿಗೊಂದು ಏಟು ಬೀಳುತ್ತಿತ್ತು. ಹಬ್ಬದ ದಿನ ಗುರುಗಳು ಪ್ರಸಂಗ ಮಾಡುವಾಗ ಗಂಡ ಒಂದು ಕಡೆ ತೂಕಡಿಸುತ್ತಿದ್ದ, ಹೆಂಡತಿ ಇನ್ನೊಂದು ಕಡೆ ತೂಕಡಿಸುತ್ತಿದ್ದಳು. ಆ ಮನೆಯಲ್ಲಿ ಹಬ್ಬದಂದು ನಗುಮುಖದಿಂದ ಇರುತ್ತಿದ್ದವರೆಂದರೆ ಗೋದಲಿಯ ಮಣ್ಣಿನ ಬೊಂಬೆಗಳು ಮಾತ್ರ.

ಒಂದು ವರ್ಷ ಅವನು ಕಟ್ಟುತ್ತಿದ್ದ ಮನೆಯ ಯಜಮಾನ ಅರ್ಧಕ್ಕೇ ಕೆಲಸ ನಿಲ್ಲಿಸಿದ. ಗಾರೆಯವನು ಎರಡು ದಿನ ಗೋಡೆಗೆ ಒರಗಿ ಕುಳಿತಿದ್ದ. ಮೂರನೆಯ ದಿನ ಹೆಂಡತಿಯನ್ನು ಕರೆದು, “ಈ ಸಲ ಹಬ್ಬಕ್ಕೆ ನಾವು ಊರಲ್ಲಿರೋದಿಲ್ಲ ಅಂತ ಎಲ್ಲರಿಗೂ ಹೇಳಿಬಿಡು,” ಎಂದ.

“ನಮ್ಮಮ್ಮನ ಮನೆಗೆ ಹೋಗೋದಾ? ಬರಿಗೈಲಿ ಹೋಗೋಕಾಗುತ್ತೇನ್ರೀ ಅಲ್ಲಿಗೆ? ಅಣ್ಣಂದಿರ ಮಕ್ಕಳೇ ಒಂದು ಗಾಡಿ ತುಂಬ ಇದ್ದಾರೆ.”

“ಹೋಗೋದು ಬೇಡ. ಹೋದೆವು ಅಂತ ಹೇಳಿದರೆ ಸಾಕು.”

ಹೆಂಡತಿ ಅವನ ಮುಖವನ್ನೇ ನೋಡಿದಳು. ಬೈಯುತ್ತಾಳೆ ಎಂದುಕೊಂಡಿದ್ದ. ಅವಳು ಬೈಯಲಿಲ್ಲ. ಅವಳ ಭುಜಗಳು ಒಂದಿಷ್ಟು ಕೆಳಗಿಳಿದವು. ಅದನ್ನು ಕಂಡು ಅವನಿಗೆ ಸಮಾಧಾನವೂ ಆಯಿತು, ಯಾಕೋ ಅಳುಕೂ ಆಯಿತು.

ಹಬ್ಬದ ಮುಂಚಿನ ದಿನ ಬೆಳಿಗ್ಗೆ ಅವರು ಬೀದಿಯ ಜನ ನೋಡುತ್ತಿರುವಂತೆಯೇ ಮುಂಬಾಗಿಲಿಗೆ ದೊಡ್ಡ ಬೀಗ ಹಾಕಿದರು. ಚೀಲ ಹೊತ್ತು ಬಸ್ ನಿಲ್ದಾಣದ ಕಡೆ ನಡೆದರು. “ಹೋಗಿಬನ್ನಿ, ಹೋಗಿಬನ್ನಿ,” ಎಂದು ದರ್ಜಿಯ ಹೆಂಡತಿ ಬಾಗಿಲಲ್ಲಿ ನಿಂತು ಕೈಬೀಸಿದಳು. ಊರು ದಾಟಿದ ಮೇಲೆ ಸ್ಮಶಾನದ ಗೋಡೆಯ ಹಿಂದಿನಿಂದ ಬಳಸಿಕೊಂಡು ಬಂದು, ಹಿತ್ತಲ ಬಾಗಿಲಿನಿಂದ ತಮ್ಮ ಮನೆಗೆ ತಾವೇ ಕಳ್ಳರಂತೆ ನುಗ್ಗಿ ಅಗುಳಿ ಹಾಕಿಕೊಂಡರು.

ಮೊದಮೊದಲು ಹಾಯಾಗಿತ್ತು. ಒಲೆ ಹಚ್ಚುವಂತಿರಲಿಲ್ಲ, ವಾಸನೆ ಬೀದಿಗೆ ಹೋಗುತ್ತದಲ್ಲ. ಮೊಸರವಲಕ್ಕಿ ಕಲಸಿ ತಿಂದರು. ಮಕ್ಕಳಿಗೆ ಇಂಥ ಆಟ ಎಂದೂ ಸಿಕ್ಕಿರಲಿಲ್ಲ. ಒಬ್ಬರ ಬಾಯಿ ಒಬ್ಬರು ಮುಚ್ಚಿಕೊಂಡು ನಗುತ್ತಿದ್ದರು. ಹೆಂಡತಿ ಮಗಳ ತಲೆ ತೊಡೆಯ ಮೇಲಿಟ್ಟುಕೊಂಡು ಹೇನು ಹೆಕ್ಕಿದಳು. ಗಾರೆಯವನು ತೋಳನ್ನೇ ದಿಂಬು ಮಾಡಿಕೊಂಡು ಮಧ್ಯಾಹ್ನವೆಲ್ಲ ಮಲಗಿದ. ಇಷ್ಟು ಸುಲಭವಾದದ್ದನ್ನು ಇಷ್ಟು ವರ್ಷ ಏಕೆ ಮಾಡಲಿಲ್ಲವೋ ಎಂದುಕೊಂಡ.

ಸಂಜೆ ಮನೆಮನೆಗೆ ಕ್ರಿಸ್ಮಸ್ ಗೀತೆ ಹಾಡುವವರು ಬಂದರು. ಡೋಲಕ್ಕಿನ ಸದ್ದು ಬೀದಿಯ ತುದಿಯಿಂದ ಒಂದೊಂದೇ ಮನೆ ದಾಟಿ ಹತ್ತಿರವಾಯಿತು. ಇವರ ಬಾಗಿಲ ಮುಂದೆ ನಿಂತಿತು.

“ಇಲ್ಲಿ ಬೀಗ ಹಾಕಿದೆ. ಮುಂದೆ ನಡೀರಿ,” ಎಂದಿತು ಒಂದು ದನಿ.

ಡೋಲಕ್ಕು ಮುಂದಕ್ಕೆ ಹೋಯಿತು. ಮಗಳು ಕತ್ತಲಲ್ಲಿ ತುಟಿ ಮಾತ್ರ ಆಡಿಸುತ್ತ ಹಾಡುತ್ತಿದ್ದಳು. ಗಾರೆಯವನು ಮುಖ ತಿರುಗಿಸಿಕೊಂಡ. ಪ್ರತಿ ವರ್ಷ ಹಾಡುವವರ ಕಾಣಿಕೆ ಡಬ್ಬಿ ಕಂಡಾಗ ಅವನಿಗೆ ಸಿಟ್ಟು ಬರುತ್ತಿತ್ತು. ಈಗ ಡಬ್ಬಿಯನ್ನು ಯಾರೂ ಚಾಚಿರಲಿಲ್ಲ. ಆದರೂ ಏನನ್ನೋ ಕಿತ್ತುಕೊಂಡು ಹೋದಂತಾಯಿತು.

ಬೆಳಗಾಯಿತು. ಪೂಜೆಯ ಮೊದಲ ಗಂಟೆ ಹೊಡೆಯಿತು. ಹೆಂಡತಿ ಎದ್ದು ಕುಳಿತಳು.

“ಪೂಜೆಗೆ ಹೇಗ್ರೀ ಹೋಗೋದು?”

ಅವನು ಮುಚ್ಚಿದ ಮುಂಬಾಗಿಲನ್ನು ನೋಡಿದ. ಬಟ್ಟೆ, ತಿಂಡಿ, ನೆಂಟರು, ತಟ್ಟೆ, ಎಲ್ಲವನ್ನೂ ಹೊರಗಿಡಬೇಕೆಂದು ಎಷ್ಟೋ ದಿನದಿಂದ ಯೋಚಿಸಿದ್ದ. ಅವುಗಳ ಜೊತೆಗೆ ಇದೂ ಹೊರಗೆ ಉಳಿಯುತ್ತದೆ ಎಂಬುದು ಅವನಿಗೆ ಹೊಳೆದೇ ಇರಲಿಲ್ಲ. ಎರಡನೆಯ ಗಂಟೆ ಹೊಡೆಯಿತು. ಬೀದಿಯಲ್ಲಿ ಹೊಸ ಚಪ್ಪಲಿಗಳ ಸದ್ದು ಹೋಯಿತು. ಹೆಂಡತಿ ಗೋಡೆಯ ಕಡೆ ತಿರುಗಿ ಮೊಣಕಾಲೂರಿ ಜಪಸರ ಹಿಡಿದಳು. ಅವನಿಗೂ ಮೊಣಕಾಲೂರಬೇಕು ಎನ್ನಿಸಿತು. ಬಚ್ಚಿಟ್ಟುಕೊಂಡವನು ಯಾವ ಮುಖದಿಂದ ಪ್ರಾರ್ಥಿಸುವುದು ಎಂದೂ ಎನ್ನಿಸಿತು. ಅವನು ಅತ್ತ ಕೂರಲೂ ಇಲ್ಲ, ಇತ್ತ ನಿಲ್ಲಲೂ ಇಲ್ಲ. ಕೋಣೆಯಿಂದ ಕೋಣೆಗೆ ತಿರುಗುತ್ತಿದ್ದ.

ಪೂಜೆ ಬಿಟ್ಟು ಜನ ಮನೆ ಸೇರಿದ ಮೇಲೆ ಅವನ ಜಗಲಿಯ ಮೇಲೆ ಯಾರೋ ಬಂದು ಕುಳಿತ ಸದ್ದಾಯಿತು. ಗಾರೆಯವನು ಬಾಗಿಲಿಗೆ ಕಿವಿಯಿಟ್ಟ. ದರ್ಜಿ ಮತ್ತು ಅವನ ಹೆಂಡತಿ. ಅವರ ಮನೆ ತುಂಬ ನೆಂಟರು. ಅರೆಗಳಿಗೆ ಸುಮ್ಮನೆ ಕೂರಲು ಅವರಿಗೆ ಬೀದಿಯಲ್ಲಿ ಇದೊಂದೇ ಖಾಲಿ ಜಾಗ ಕಂಡಿತ್ತು.

ದರ್ಜಿಯ ಹೆಂಡತಿ ಉಸಿರುಬಿಟ್ಟಳು. “ಇವರು ಈ ವರ್ಷ ಊರಲ್ಲಿಲ್ಲದ್ದು ನಮ್ಮ ಪುಣ್ಯ ಕಣ್ರೀ. ಆ ತಟ್ಟೆಗೆ ಏನು ತುಂಬಿಸೋದು ಅಂತ ಯೋಚನೆ ಮಾಡೀ ಮಾಡೀ ನನಗೆ ತಲೆ ಕೆಟ್ಟುಹೋಗಿತ್ತು.”

“ಊರವರ ಬಟ್ಟೆಯೆಲ್ಲ ಹೊಲಿದು ಮುಗಿಸಿದ ಮೇಲೆ ಇವರ ಮಕ್ಕಳದ್ದು ಹೊಲಿಯೋಕೆ ಕೂರುತ್ತಿದ್ದೆ. ಕಣ್ಣೇ ಕಾಣುತ್ತಿರಲಿಲ್ಲ. ಪ್ರತಿ ವರ್ಷ ಹೀಗೇ ಹೋಗಲಿ ಇವರು,” ಎಂದ ದರ್ಜಿ.

ಗಾರೆಯವನು ನಗಬೇಕಾಗಿತ್ತು. ತನಗೆ ಬೇಕಾದದ್ದೇ ಅವರಿಗೂ ಬೇಕಾಗಿದೆ. ಇದಕ್ಕಿಂತ ಒಳ್ಳೆಯ ಸುದ್ದಿ ಯಾವುದಿದ್ದೀತು? ಆದರೆ ಅವನ ಎದೆಯಲ್ಲಿ ಮೆಣಸಿನಕಾಯಿ ಅರೆದು ಹಚ್ಚಿದಂತಾಯಿತು. ನಾವಿಲ್ಲದಿದ್ದರೆ ಇವರಿಗೆ ಪುಣ್ಯವೇ? ಹಾಗಾದರೆ ಇಷ್ಟು ವರ್ಷ ನನ್ನ ಹೆಂಡತಿ ಸೊಂಟ ಹಿಡಿದುಕೊಂಡದ್ದು ಯಾರಿಗಾಗಿ? ಮರುಗಳಿಗೆ ಅವನಿಗೇ ನಾಚಿಕೆಯಾಯಿತು. ನಿನ್ನೆ ಹಾಯಾಗಿ ಮಲಗಿದ್ದವನು ತಾನೇ ಅಲ್ಲವೇ? ತಿರುಗಿ ಹೆಂಡತಿಯನ್ನು ನೋಡಿದ. ಅವಳು ಬಾಯಿಗೆ ಸೆರಗು ತುರುಕಿಕೊಂಡಿದ್ದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ.

ಹೊರಗೆ ದರ್ಜಿ ಮತ್ತೆ ಮಾತಾಡಿದ. ದನಿ ಮೆತ್ತಗಾಗಿತ್ತು. “ಆದರೂ ನೋಡು, ನಿನ್ನೆ ಸಂಜೆ ನಕ್ಷತ್ರದ ದೀಪ ಹಾಕೋವಾಗ ಕೈ ಓಡಲಿಲ್ಲ. ಎದುರು ಮನೆ ಕತ್ತಲಾಗಿದ್ದರೆ ಇದನ್ನ ಯಾರು ನೋಡಬೇಕು ಅನ್ನಿಸಿತು.”

ಆಗ ಒಳಗೆ ಮಗಳು ಕೆಮ್ಮಿದಳು.

ಒಂದೇ ಕೆಮ್ಮು. ಹೊರಗಿನ ಮಾತು ಕತ್ತರಿಸಿದಂತೆ ನಿಂತಿತು. ಬಾಗಿಲ ಒಳಗೆ ನಾಲ್ಕು ಜನ ಉಸಿರು ಹಿಡಿದರು. ಹೊರಗೆ ಇಬ್ಬರೂ ಉಸಿರು ಹಿಡಿದಂತಿತ್ತು.

“ಏನ್ರೀ ಅದು?” ಎಂದಳು ದರ್ಜಿಯ ಹೆಂಡತಿ.

ಆ ಹುಡುಗಿಯ ಕೆಮ್ಮನ್ನು ದರ್ಜಿ ಅವಳು ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ್ದ.

“ಇಲಿ ಇರಬೇಕು,” ಎಂದ. “ಏಳು, ನೆಂಟರು ಕಾಯುತ್ತಿರುತ್ತಾರೆ.”

ಅವರು ಎದ್ದು ಹೋದರು. ಗಾರೆಯವನು ಬಾಗಿಲ ಹಿಂದೆ ನಿಂತೇ ಇದ್ದ. ಇಲಿ ಎಂದು ದರ್ಜಿ ನಮ್ಮ ಮಾನ ಉಳಿಸಿದನೋ, ಇಲ್ಲ ತಾನು ಆಡಿದ ಮಾತಿನಿಂದ ತನ್ನ ಮಾನ ಉಳಿಸಿಕೊಂಡನೋ? ಹೊರಗೆ ಹೋದರೆ ಇಬ್ಬರಿಗೂ ನಾಚಿಕೆ. ಹೋಗದಿದ್ದರೆ? ನಾಳೆಯಿಂದ ಎದುರೆದುರು ಮನೆಯಲ್ಲಿ ಹೇಗೆ ಬದುಕುವುದು? ಬಾಗಿಲು ತೆರೆಯೋಣವೆಂದರೆ ಬೀಗ ಹೊರಗಿತ್ತು. ಬೀಗದ ಕೈ ಅವನ ಜೇಬಿನಲ್ಲಿತ್ತು.

ಕೊನೆಗೆ ಹಿತ್ತಲಿನಿಂದ ಹೊರಟ. ಸ್ಮಶಾನದ ಗೋಡೆಯ ಹಿಂದಿನಿಂದ ಬಳಸಿ, ಬೀದಿಗೆ ಬಂದು, ತನ್ನ ಮನೆಯ ಮುಂದೆ ನೆಂಟನಂತೆ ನಿಂತ. ದರ್ಜಿ ತನ್ನ ಬಾಗಿಲಲ್ಲಿದ್ದ.

“ಯಾವಾಗ ಬಂದ್ರಿ?” ಎಂದ ದರ್ಜಿ.

“ಈಗ.”

“ಬಸ್ಸು ಸಿಕ್ತಾ?”

“ಸಿಕ್ತು.”

ಇಬ್ಬರೂ ನೆಲ ನೋಡಿದರು. ಬೀದಿಯಲ್ಲಿ ಒಂದು ಕೋಳಿ ಅವರ ನಡುವೆ ಹಾದುಹೋಯಿತು. ಅದನ್ನೇ ಇಬ್ಬರೂ ಬಹಳ ಹೊತ್ತು ನೋಡಿದರು.

“ಒಲೆ ಹಚ್ಚಿರಲ್ಲ ನೀವು. ಎಲ್ಲರನ್ನೂ ಕರಕೊಂಡು ಊಟಕ್ಕೆ ಬನ್ನಿ,” ಎಂದ ದರ್ಜಿ.

“ನಾವು ಏನೂ ತಂದಿಲ್ಲ.”

“ತರಬೇಡಿ.”

ಹೋದರು. ಹೆಂಡತಿ ಮಕ್ಕಳು ಅವನಂತೆಯೇ ಹಿತ್ತಲಿನಿಂದ ಬಳಸಿಕೊಂಡು ಬಂದರು. ನೆಂಟರ ನಡುವೆ ಸಾಲಾಗಿ ಕುಳಿತು ಉಂಡರು. ದರ್ಜಿಯ ಹೆಂಡತಿ ಬಡಿಸುವಾಗ ಗಾರೆಯವನ ಹೆಂಡತಿ ಎದ್ದು ಅವಳ ಕೈಯಿಂದ ಸಾರಿನ ಪಾತ್ರೆ ತೆಗೆದುಕೊಂಡಳು. ಇಬ್ಬರ ಕಣ್ಣೂ ಒಮ್ಮೆ ಕೂಡಿದವು. ಯಾರೂ ತಟ್ಟೆಯ ಮಾತು ಎತ್ತಲಿಲ್ಲ, ಬಸ್ಸಿನ ಮಾತೂ ಎತ್ತಲಿಲ್ಲ. ಗಾರೆಯವನು ಎಷ್ಟೋ ವರ್ಷದ ಮೇಲೆ ಹಬ್ಬದ ದಿನ ಹೊಟ್ಟೆ ತುಂಬ ಉಂಡ.

ಕೈ ತೊಳೆದು ಬೀದಿಗೆ ಇಳಿದ ಮೇಲೆ ಅವನಿಗೆ ಮನಸ್ಸು ಹಗುರಾಯಿತು. ಎಲ್ಲ ಮುಗಿಯಿತು, ಇನ್ನು ಮುಂದೆ ಯಾರಿಗೂ ಈ ಕಷ್ಟವಿಲ್ಲ ಎಂದುಕೊಂಡ. ಬೀದಿಯ ನಡುಮಧ್ಯಕ್ಕೆ ಬಂದಾಗ ಹೆಂಡತಿ ಅವನ ತೋಳು ಹಿಡಿದು ನಿಲ್ಲಿಸಿದಳು.

“ಏನ್ರೀ, ಇಷ್ಟು ಜನರ ಮುಂದೆ ಊಟ ಹಾಕಿದರಲ್ಲ. ಹೊಸ ವರ್ಷಕ್ಕೆ ನಾವೂ ಅವರನ್ನ ಕರೀಬೇಕಲ್ವಾ?”

ಗಾರೆಯವನು ಅವಳ ಮುಖ ನೋಡಿದ. ಹಿಂದಿರುಗಿ ದರ್ಜಿಯ ಮನೆ ನೋಡಿದ. ತನ್ನ ಬಾಗಿಲಿನ ಬೀಗ ನೋಡಿದ. ಯಾವ ಕಡೆ ಹೆಜ್ಜೆಯಿಡಬೇಕೋ ತಿಳಿಯದೆ ಬೀದಿಯ ನಡುವೆಯೇ ನಿಂತುಬಿಟ್ಟ.

ಉಪದೇಶಿಗಳು ಕತೆ ನಿಲ್ಲಿಸಿದರು. ಇನ್ನೂ ಇದೆ ಎಂದು ಲೂರ್ದಮ್ಮ ಕಾದಳು. ಅವರು ಮುಂದುವರಿಸಲಿಲ್ಲ.

“ಹಾಗಾದರೆ ಅವನು ಏನು ಮಾಡಬೇಕಾಗಿತ್ತು? ಕರೆಯಬೇಕಾಗಿತ್ತೋ, ಸುಮ್ಮನಿರಬೇಕಾಗಿತ್ತೋ? ನಾನು ಈಗ ಮನೆಗೆ ಹೋಗಿ ಏನೆಂದು ಹೇಳಲಿ?” ಎಂದಳು.

ಉಪದೇಶಿಗಳು ಹೇಳಿದರು: “ಗೊತ್ತಿಲ್ಲ ತಾಯಿ, ನಿಮ್ಮೆದುರು ಮನೆಯ ಕ್ಲಾರಮ್ಮನೂ ಮೊನ್ನೆ ಬಂದು ಇದನ್ನೇ ಕೇಳಿದಳು.”