ಹಿತ್ತಿಲ ಕಡೆಗೆ ಕೂಗು

ಬೇಸಿಗೆಯ ಒಂದು ಮಧ್ಯಾಹ್ನ ಅಡವಯ್ಯನವರ ಆಶ್ರಮದ ಮೇಲೆ ಭಾರಿ ವಿಪತ್ತು ಎರಗಿತು. ಶಿಷ್ಯ ಮರುಳಯ್ಯನಿಗೆ ಗಂಟಲು ಕಟ್ಟಿತು.

ಸುದ್ದಿ ಅಡುಗೆಮನೆ ಮುಟ್ಟುವ ಹೊತ್ತಿಗೆ ರಾಗಿಮುದ್ದೆ ಆರತೊಡಗಿತ್ತು. ಒಬ್ಬ ಮೆಣಸಿನ ಕಷಾಯ ಹಿಡಿದು ಓಡಿಬಂದ. ಇನ್ನೊಬ್ಬ ಅರಿಶಿನದ ಹಾಲು ತಂದ. ಏನೂ ತರಲಾಗದವನು ಸ್ತೋತ್ರ ಶುರುಮಾಡಿದ.

ಗಾಬರಿಗೆ ಕಾರಣವಿತ್ತು. ಊಟಕ್ಕೆ ಮೊದಲು ಮರುಳಯ್ಯ ನಿಂತು, "ಹಸಿದೋರು ಇದ್ದರೆ ಬನ್ನೀ" ಎಂದು ಮೂರು ಸಲ ಕೂಗಬೇಕು. ಬಂದವರಿಗೆ ಬಡಿಸಿದ ಮೇಲೆ ಆಶ್ರಮದವರು ಉಣ್ಣಬೇಕು. ಕೂಗದೆ ಯಾರೂ ಎಲೆಗೆ ಕೈ ಹಾಕುವಂತಿಲ್ಲ. ಅದು ಅಲ್ಲಿನ ಕಟ್ಟಳೆ.

ಕೊನೆಗೆ ಮರುಳಯ್ಯ ಹಿತ್ತಿಲ ಬಾಗಿಲಿಗೆ ಹೋಗಿ, ಗುಡ್ಡದ ಕಡೆ ಮುಖ ಮಾಡಿ, ಮೂರು ಸಲ ಪಿಸುಗುಟ್ಟಿದ. ಗುಡ್ಡದಿಂದ ಯಾರೂ ಬರಲಿಲ್ಲ. ಎಲ್ಲರೂ ನೆಮ್ಮದಿಯಿಂದ ಊಟಕ್ಕೆ ಕೂತರು.

ಆಗ ಅಡವಯ್ಯನವರು ಒಳಗೆ ಬಂದರು. ತಿಂಗಳುಗಟ್ಟಲೆ ಸಂಚಾರ ಮುಗಿಸಿ ಅಂದೇ ಮರಳಿದ್ದರು. ಕಾಲಿನ ತುಂಬ ದಾರಿಯ ದೂಳು.

"ಬೇರೆ ಯಾರೂ ಉಣ್ಣೋಕೆ ಬಂದಿಲ್ಲವೇನಪ್ಪ?"

ಮರುಳಯ್ಯನಿಗೆ ಒಳ್ಳೆಯ ಸುದ್ದಿ ಹೇಳುವ ಉತ್ಸಾಹ. ಗಂಟಲು ಅರ್ಧ ಬಿಟ್ಟಿತು.

"ಇಲ್ಲ ಬುದ್ಧಿ. ಶಿವರಾತ್ರಿಯಿಂದ ಒಬ್ಬರೂ ಬಂದಿಲ್ಲ. ತಮ್ಮ ಕೃಪೆ. ನಮ್ಮ ಕೂಗು ಕೇಳಿಸುವಷ್ಟು ದೂರದಲ್ಲಿ ಈಗ ಹಸಿದವರೇ ಇಲ್ಲ."

"ಬರಗಾಲದಲ್ಲಿ?"

"ಅದೇ ಆಶ್ಚರ್ಯ ಬುದ್ಧಿ."

"ಬಹಳ ದೊಡ್ಡ ಸುದ್ದಿ ಇದು," ಎಂದರು ಗುರುಗಳು. "ಹೊಳೆಯಾಚೆಯವರಿಗೂ ಹೇಳಿ ಬರ್ತೀನಿ. ಊಟದ ಹೊತ್ತಿಗೆ ಕೂಗು. ಕೇಳಿಸಿದರೆ ಬರ್ತೀನಿ."

ತಂದಿಟ್ಟ ನೀರನ್ನೂ ಕುಡಿಯದೆ ಹೊರಟರು.

ಆಶ್ರಮದ ಮುಂದಿನ ಹೊಳೆ ಎಂದರೆ ಆಗ ಬರೀ ಮರಳು. ಆಚೆ ದಡದಲ್ಲಿ ಒಂದು ಹೊಂಗೆಮರ. ಗುರುಗಳು ಅದರ ಕೆಳಗೆ ಕೂತರು.

ಮರುದಿನ ಮರುಳಯ್ಯ ಎಂದಿನಂತೆ ಹಿತ್ತಿಲ ಕಡೆಗೆ ಕೂಗಿದ. ಗುರುಗಳು ಬರಲಿಲ್ಲ. ಅದರ ಮರುದಿನವೂ ಕೂಗಿದ. ಬರಲಿಲ್ಲ. ಗುರುಗಳಿಗೆ ವಯಸ್ಸಾಗಿತ್ತು. ಅಲ್ಲಿ ಏನಾದರೂ ತಿಂದಿರುವರೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಮರುಳಯ್ಯ ಬಿಸಿ ಮರಳಿನ ಮೇಲೆ ಬರಿಗಾಲಲ್ಲಿ ಓಡಿದ.

ಮರದ ಕೆಳಗೆ ಗುರುಗಳು ಒಬ್ಬರೇ ಇರಲಿಲ್ಲ. ಊರಿಗೆ ಊರೇ ನೆರಳಿನಲ್ಲಿ ಮಲಗಿತ್ತು. ಯಾರೂ ಮಾತಾಡುತ್ತಿರಲಿಲ್ಲ. ಮಕ್ಕಳೂ ಅಳುತ್ತಿರಲಿಲ್ಲ.

"ಬುದ್ಧಿ, ಊಟಕ್ಕೆ ಏಳಿ," ಎಂದ ಮರುಳಯ್ಯ, ಗುರುಗಳ ಕಿವಿಯ ಹತ್ತಿರ ಬಗ್ಗಿ.

"ಕೂಗಿದೆಯಾ?"

"ಕೂಗಿದೆ."

"ಕೇಳಿಸಲಿಲ್ಲ."

"ಈಗ ಎದುರಿಗೇ ಕರೀತಿದ್ದೀನಲ್ಲ."

"ಇಲ್ಲಿ ಬೇಕಾದಷ್ಟು ಕಿವಿಗಳಿವೆ ಮರುಳಯ್ಯ. ನೀನು ಒಂದಕ್ಕೇ ಹೇಳ್ತಿದ್ದೀಯ."

ಪಕ್ಕದಲ್ಲಿ ಮರಕ್ಕೆ ಒರಗಿ ಕೂತಿದ್ದ ತಿಪ್ಪವ್ವ ಎಂಬ ಮುದುಕಿ ಕಣ್ಣು ತೆರೆದಳು.

"ಕೂಗೋ ಅಯ್ಯ ನೀನೇನಾ? ಹೋದ ವರ್ಷ ನಿನ್ನ ಕೂಗು ಎಷ್ಟು ಚೆನ್ನಾಗಿ ಕೇಳಿಸ್ತಿತ್ತು ಮಗ. ಆಗ ನಮ್ಮ ಹೊಟ್ಟೆ ತುಂಬಿತ್ತು. ನೀನು ಕೂಗಿದಾಗ ನಾವು ದನ ನೆರಳಿಗೆ ಕಟ್ತಿದ್ವಿ."

ಮರುಳಯ್ಯ ನೆಲ ನೋಡಿದ.

"ಈ ವರ್ಷ ಕೂಗು ನಿಂತಾಗ ನಿಮ್ಮಲ್ಲೂ ಕಾಳು ಮುಗೀತು ಅಂದ್ಕೊಂಡ್ವಿ. ಪಾಪ, ಅಯ್ಯಗಳು ಏನು ತಿಂತಾರೋ ಅಂತ ನಮ್ಮ ಹೆಂಗಸರು ಬಹಳ ನೊಂದ್ಕೊಂಡ್ರು."

"ಹಾಗಲ್ಲಜ್ಜಿ... ನೀವೇ ಬರಬಹುದಿತ್ತಲ್ಲ."

"ಕರೆದರೆ ನೆಂಟರು. ಕರೆಯದೆ ಬಂದರೆ ತಿರುಕರು. ಹೊಟ್ಟೆ ಖಾಲಿಯಾಗಿದೆ ನಿಜ. ಮಾನ ಇನ್ನೂ ಪೂರ್ತಿ ಖಾಲಿಯಾಗಿಲ್ಲ."

ಮರುಳಯ್ಯ ಗುರುಗಳ ಕಡೆ ತಿರುಗಿದ. ಅವನು ಓದಿದವನು. ಹಸಿವಿನ ಕಾರಣ ಅವನಿಗೆ ಗೊತ್ತಿತ್ತು.

"ಮಳೆ ಹೋಯಿತು ಬುದ್ಧಿ. ಅದಕ್ಕೇ ಇವರಿಗೆ ಈ ಗತಿ."

"ನಮ್ಮ ದಡದಲ್ಲಿ ಮಳೆ ಬಂತೇ?"

"ಇಲ್ಲ. ಎರಡು ದಡಕ್ಕೂ ಒಂದೇ ಆಕಾಶ."

"ಮತ್ತೆ ನೀನು ಯಾಕೆ ಉಂಡೆ?"

"ನಮ್ಮ ಹಗೇವಿನಲ್ಲಿ ರಾಗಿ ಇದೆ." ನೆಲದೊಳಗೆ ತೋಡಿದ ಆ ಕಣಜ ಊರಿಗೆಲ್ಲ ಗೊತ್ತಿದ್ದದ್ದೇ.

"ರಾಗಿ ಪೇಟೆ ಸಾಹುಕಾರನ ಉಗ್ರಾಣದಲ್ಲೂ ಇದೆ," ಎಂದಳು ತಿಪ್ಪವ್ವ. "ಸುಗ್ಗೀಲಿ ನಮ್ಮಿಂದಲೇ ಕೊಂಡದ್ದು. ಬೆಲೆ ಇನ್ನೂ ಏರಲಿ ಅಂತ ಅದು ಕಾಯ್ತಾ ಕೂತಿದೆ. ನಾವೂ ಕಾಯ್ತಾ ಕೂತಿದ್ದೀವಿ. ಅದಕ್ಕೇನೂ ಅವಸರವಿಲ್ಲ."

ಮರುಳಯ್ಯ ವಾಪಸು ಓಡಿದ. ಆಶ್ರಮದ ಉಗ್ರಾಣದ ಹೊಣೆ ಹೊತ್ತ ಕೊಟ್ರಯ್ಯ ಬಾಗಿಲಲ್ಲೇ ಸಿಕ್ಕಿದ. ಹಿತ್ತಿಲ ಕಡೆಗೆ ಕೂಗುವ ಉಪಾಯ ಹೇಳಿಕೊಟ್ಟವನು ಅವನೇ. ಕಟ್ಟಳೆಯಲ್ಲಿ ಕೂಗಬೇಕು ಎಂದಿದೆ, ಯಾವ ದಿಕ್ಕಿಗೆ ಎಂದಿಲ್ಲ ಎಂಬುದು ಅವನ ಶೋಧನೆ.

"ಕೊಟ್ರಯ್ಯ, ಹೊಳೆ ಕಡೆಗೆ ಕೂಗ್ತೀನಿ."

"ಕೂಗು. ಇಡೀ ಊರು ಬರುತ್ತೆ. ಬೆಳೆ ಬರೋ ಮುಂಚೆ ರಾಗಿ ತಳ ಕಾಣುತ್ತೆ. ಆಮೇಲೆ ಅವರೂ ಉಪವಾಸ, ನಾವೂ ಉಪವಾಸ. ಎಲ್ಲರೂ ಸಾಯೋದು ಧರ್ಮವೋ, ಒಂದಷ್ಟು ಜನ ಉಳಿಯೋದು ಧರ್ಮವೋ? ಹೋಗಿ ಕೇಳಿಕೊಂಡು ಬಾ."

ಮರುಳಯ್ಯ ಮತ್ತೆ ಮರಳು ದಾಟಿದ. ಪ್ರಶ್ನೆಯನ್ನು ಇದ್ದಂತೆಯೇ ಗುರುಗಳಿಗೆ ಒಪ್ಪಿಸಿದ.

"ಕೊಟ್ರಯ್ಯನ ಲೆಕ್ಕ ಸರಿಯಾಗಿದೆ," ಎಂದರು ಅವರು. ಧ್ವನಿ ಸೋತಿತ್ತು. "ಅದನ್ನೇ ಮುಂಬಾಗಿಲಲ್ಲಿ ನಿಂತು ಈ ಕಡೆಗೆ ಕೂಗಿ ಹೇಳು. ಊಟ ಇದೆ, ನಿಮಗಲ್ಲ, ಅನ್ನು. ಮೂರು ಸಲ. ಅವರು ಕಾಯೋದನ್ನಾದರೂ ಬಿಡ್ತಾರೆ."

"ಇಷ್ಟೇ ಸಾಕೇ?"

"ಸಾಕು. ಜೋರಾಗಿ ಕೂಗು. ನನಗೂ ಕೇಳಿಸಬೇಕು."

ಮರುಳಯ್ಯ ಮುಂಬಾಗಿಲಿಗೆ ಬಂದು ನಿಂತ. ಅವನ ಹಿಂದೆ ಕೊಟ್ರಯ್ಯ, ಅವನ ಹಿಂದೆ ಉಳಿದವರು. ಹೊಳೆಯಾಚೆ ತಲೆಗಳು ಒಂದೊಂದಾಗಿ ಮೇಲೆದ್ದವು.

"ಊಟ ಇದೆ," ಎಂದು ಕೂಗಿದ.

ಮುಂದಿನ ಮಾತು ಬರಲಿಲ್ಲ. ಇನ್ನೊಮ್ಮೆ ಉಸಿರೆಳೆದುಕೊಂಡ.

"ಊಟ ಇದೆ."

"ಮುಂದಿನದ್ದು ಹೇಳು," ಎಂದ ಕೊಟ್ರಯ್ಯ ಮೆಲ್ಲಗೆ.

"ನೀನೇ ಹೇಳು ಬಾ."

ಮರುಳಯ್ಯ ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಕೊಟ್ರಯ್ಯ ಹೊಸ್ತಿಲ ತನಕ ಬಂದ. ಆಚೆ ದಡ ನೋಡಿದ. ಆಮೇಲೆ ಒಲೆಗೆ ದೊಡ್ಡ ಹಂಡೆ ಏರಿಸಲು ಹೇಳಿ ಒಳಗೆ ಹೋದ.

ಆಗ ಮರುಳಯ್ಯ ಕೂಗಿದ, "ಹಸಿದೋರು ಇದ್ದರೆ ಬನ್ನೀ!"

ಗಂಟಲು ಪೂರ್ತಿ ಬಿಟ್ಟಿತ್ತು. ಎರಡನೆಯ ಕೂಗಿಗೆ ಆಚೆ ದಡ ಎದ್ದು ನಿಂತಿತು. ಮೂರನೆಯದರ ಹೊತ್ತಿಗೆ ಮರಳಿನ ಮೇಲೆ ಜನ ಬರುತ್ತಿದ್ದರು. ನಡೆಯಬಲ್ಲವರು ನಡೆಯಲಾರದವರನ್ನು ಹೊತ್ತಿದ್ದರು. ಎಲ್ಲರ ಹಿಂದೆ ಗುರುಗಳು, ತಿಪ್ಪವ್ವನ ಹೆಗಲು ಹಿಡಿದು. ಯಾರು ಯಾರಿಗೆ ಆಸರೆ ಎಂದು ಹೇಳುವುದು ಕಷ್ಟವಿತ್ತು.

ಅಂದಿನಿಂದ ಮುದ್ದೆ ಹೋಗಿ ಅಂಬಲಿಯಾಯಿತು. ದಿನ ಕಳೆದಂತೆ ಅಂಬಲಿ ತೆಳ್ಳಗಾಯಿತು. ಆಶ್ರಮದವರ ಸೊಂಟದ ದಾರಗಳು ಸಡಿಲವಾದವು.

ಕೊಟ್ರಯ್ಯನ ಲೆಕ್ಕ ತಪ್ಪಲಿಲ್ಲ. ನ್ಯಾಯವಾಗಿ ಅದನ್ನು ಇಲ್ಲಿ ಹೇಳಲೇಬೇಕು. ಮೊದಲ ಮಳೆ ಬಿದ್ದಿತ್ತು, ಹೊಳೆಯಲ್ಲಿ ಪಾದ ಮುಳುಗುವಷ್ಟು ನೀರಿತ್ತು. ಊರಿನವರು ಬಿತ್ತಲು ತಮ್ಮ ದಡಕ್ಕೆ ಮರಳಿ ಹೋಗಿದ್ದರು. ಬೆಳೆಗೆ ಇನ್ನೂ ತಿಂಗಳುಗಳಿದ್ದವು. ಒಂದು ಬೆಳಿಗ್ಗೆ ಹಗೇವಿಗೆ ಇಳಿದ ಕೊಟ್ರಯ್ಯ ಬರಿಗೈಯಲ್ಲಿ ಮೇಲೆ ಬಂದ.

ಮಧ್ಯಾಹ್ನವಾಯಿತು. ಮರುಳಯ್ಯ ಅಭ್ಯಾಸಬಲದಿಂದ ಮುಂಬಾಗಿಲಿಗೆ ಹೋಗಿ ನಿಂತ.

"ಏನಂತ ಕೂಗಲಿ ಬುದ್ಧಿ?"

"ಏನೂ ಕೂಗಬೇಡ. ಅಡುಗೆಯಾಗಿಲ್ಲ."

ಎಲ್ಲರೂ ಜಗಲಿಯ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಹೊಂಗೆಮರದ ಹತ್ತಿರ ಹೊಗೆ ಎದ್ದಿತು. ಮಳೆಗೆ ಹೊಲಗಳಲ್ಲಿ ಬೆರಕೆಸೊಪ್ಪು ಚಿಗುರಿತ್ತು. ಅದು ಬೇಯುವ ವಾಸನೆ ಗಾಳಿಯಲ್ಲಿ ಬಂತು. ಅದರ ಹಿಂದೆಯೇ ಒಂದು ಮುದಿ ಧ್ವನಿಯೂ ಬಂತು. ಮೂರು ಸಲ ಬಂತು.

ಕೊಟ್ರಯ್ಯ ಎದ್ದು ನಿಂತ. ಮತ್ತೆ ಕೂತ.

"ಅದು ನಮಗೇನಾ ಬುದ್ಧಿ?"

ಗುರುಗಳು ಆಗಲೇ ಮೆಟ್ಟಿಲು ಇಳಿಯುತ್ತಿದ್ದರು.

"ಈ ಕಡೆಗೆ ತಿರುಗಿಯೇ ಕೂಗ್ತಿದ್ದಾಳೆ."