ಉಡಕ್ಕೆ ಬಂಡೆ ಹಿಡಿತ ಕೊಟ್ಟದ್ದು

ಕಾಲು ಮಡಚಿ ಇಲ್ಲಿ ಕೂತುಕೋ ಕೂಸೇ. ಮಂಡಿಯ ಗಾಯ ಕೆರೆಯಬೇಡ, ಕಥೆ ಕೇಳು.

ಲೋಕ ಆಗತಾನೇ ಹುಟ್ಟಿತ್ತು. ಆಗಿನ ಬಂಡೆಗಳೆಲ್ಲ ಬೆಣ್ಣೆ ಸವರಿದ ಹಾಗೆ ನುಣುಪು. ಒಂದು ಇಳಿಜಾರು ಬಂಡೆಯ ನೆತ್ತಿಯಲ್ಲಿ ಹುಟ್ಟಿದ ಉಡವೊಂದು ಅಲ್ಲೇ ಮೊಟ್ಟೆಯಿಟ್ಟಿತು. ಮಣ್ಣು ಮುಚ್ಚುವ ಮುಂಚೆ ನೀರು ಕುಡಿಯೋಣವೆಂದು ಹೊರಟಿತು, ಜರ್ರನೆ ಕೆಳಗೆ ಬಂತು. ಹತ್ತಲು ಹೋದರೆ ಒಂದು ಹೆಜ್ಜೆ ಮೇಲೆ, ಜರ್ರನೆ ಕೆಳಗೆ. ಬಿಸಿಲೇರಿದರೆ ಮೊಟ್ಟೆ ಬೆಂದೇ ಹೋಗುತ್ತವೆ.

ನನ್ನನ್ನೇಕೆ ಹೀಗೆ ಜಾರಿಸುತ್ತೀಯಮ್ಮ ಎಂದು ಉಡ ಭೂಮಿಯನ್ನು ಕೇಳಿತು.

"ಓರೆಯಾಗಿ ಎಳೆಯಲು ನನಗೆ ಬಾರದು ಮಗಳೇ. ಎಲ್ಲರನ್ನೂ ನೆಟ್ಟಗೆ ಕೆಳಕ್ಕೆ ಕರೆಯುತ್ತೇನೆ, ಅಷ್ಟೇ."

ಹಾಗಾದರೆ ತಳ್ಳುವವನು ನೀನೇ ಎಂದು ಉಡ ಬಂಡೆಯ ಮೇಲೆ ಹರಿಹಾಯ್ದಿತು.

"ನೀನು ನನ್ನೊಳಗೆ ಹೂತುಹೋಗದ ಹಾಗೆ ಮೈಯಿಂದ ನೇರ ಆಚೆಗೆ ಒತ್ತುತ್ತೇನೆ," ಎಂದಿತು ಬಂಡೆ. "ಭೂಮಿಯ ಸೆಳೆತದಲ್ಲಿ ನನ್ನ ಮೈಗೆ ಒತ್ತಿದಷ್ಟನ್ನು ನಾನು ತಡೆದೆ. ಮಿಕ್ಕದ್ದು ಇಳಿಜಾರಿನ ಗುಂಟ ಹೊರಟಿತು. ಅದನ್ನು ತಡೆಯುವವರು ಯಾರೂ ಇಲ್ಲ."

ಹತ್ತಿರದಲ್ಲೇ ನಿಂತು ಕೇಳುತ್ತಿದ್ದ ಆನೆಯೊಂದು ನಕ್ಕಿತು. "ನೀನು ಹಗುರ ಕಣಮ್ಮ, ಅದಕ್ಕೇ ಜಾರುತ್ತೀ. ಭಾರ ಇದ್ದವರು ಕೂತಲ್ಲೇ ಕೂತಿರುತ್ತಾರೆ."

ಪಕ್ಕದ ದಿಣ್ಣೆ ಬಂಡೆಯ ಸೊಂಟದವರೆಗೆ ಮಾತ್ರ ಇತ್ತು. ನೋಡೇಬಿಡೋಣ ಎಂದು ಇಬ್ಬರೂ ಅದನ್ನೇರಿ ಬಂಡೆಗೆ ಕಾಲಿಟ್ಟರು. ಜರ್ರನೆ ಕೆಳಗೆ, ಇಬ್ಬರೂ ಒಂದೇ ಗಳಿಗೆಗೆ. ಭೂಮಿ ಆನೆಯನ್ನು ಹೆಚ್ಚು ಸೆಳೆಯಿತು ನಿಜ. ಆದರೆ ಅಂಥ ಮೈ ಕದಲಿಸಲು ಅಷ್ಟೇ ಹೆಚ್ಚು ಬಲ ಬೇಕಲ್ಲ!

ಆಗ ಬೀಸುವ ಕಲ್ಲು ಕುಟ್ಟುವ ಹುಲಿಗೆವ್ವ ಉಳಿ, ಸುತ್ತಿಗೆ ಹಿಡಿದು ಆ ದಾರಿಯಲ್ಲಿ ಬಂದಳು. ಎಲ್ಲ ಕೇಳಿಸಿಕೊಂಡಳು. ಸವೆದು ನುಣ್ಣಗಾದ ಬೀಸುವ ಕಲ್ಲು ಕಾಳು ಹಿಡಿಯುವುದಿಲ್ಲ, ಕುಟ್ಟಿ ತರಿತರಿ ಮಾಡಿದರೆ ಹಿಡಿಯುತ್ತದೆ, ನಿನಗೂ ಅದೇ ಮದ್ದು ಎಂದು ಬಂಡೆಗೆ ಹೇಳಿದಳು.

"ನನ್ನ ಚೆಂದ ಹೋಗುತ್ತಲ್ಲವ್ವ," ಎಂದಿತು ಬಂಡೆ.

"ಚೆಂದ ಇಟ್ಟುಕೊಂಡು ಯಾರನ್ನ ಹೊರುತ್ತೀಯೋ ಅಪ್ಪಾ?"

ಬಂಡೆ ಉಳಿಗೆ ಬೆನ್ನು ಕೊಟ್ಟಿತು. ಹುಲಿಗೆವ್ವ ಒಂದು ಮೊಳ ಕುಟ್ಟುವಳು, ಉಡ ಒಂದು ಮೊಳ ಹತ್ತುವುದು. ಒಂದು ಮೊಳ ಕುಟ್ಟುವಳು, ಒಂದು ಮೊಳ ಹತ್ತುವುದು. ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ಮೊಟ್ಟೆಯ ಮೇಲೆ ಮಣ್ಣು ಬಿತ್ತು.

ಮರಿಗಳು ಬದುಕಿದವು. ಉಡ ಅವತ್ತು ಹಿಡಿದ ಪಟ್ಟು ಇವತ್ತಿಗೂ ಬಿಟ್ಟಿಲ್ಲ. ಆನೆ ಇಳಿಜಾರು ಕಂಡರೆ ಮೊದಲು ಕಾಲಿಟ್ಟು ನೋಡುತ್ತದೆ. ಹುಲಿಗೆವ್ವ ಊರೂರಿನ ಬಂಡೆ ಕುಟ್ಟುತ್ತಾ ಮುದುಕಿಯಾದಳು. ಪಾಚಿ ಮುಚ್ಚಿದ ಕಡೆ ಮಾತ್ರ ಬಂಡೆಗೆ ಹಳೆಯ ನುಣುಪು ಮರಳಿ ಬರುತ್ತದೆ. ನಿನ್ನೆ ಕೆರೆ ಏರಿಯ ಹತ್ತಿರದ ಪಾಚಿಗಟ್ಟಿದ ಬಂಡೆಯಿಂದ ನೀನೂ ನಿನ್ನ ದಢೂತಿ ಅಣ್ಣನೂ ಜರ್ರನೆ ಒಟ್ಟಿಗೇ ಬಂದು ಬಿದ್ದದ್ದು ಅದಕ್ಕೇ ಕೂಸೇ.